ಹದಿನೈದು ದಿನದ ಬಾಟಲಿ

ಮಾರ್ಚ್ 14

ಪ್ರೀತಿಯ ತಮ್ಮ,

ಪಾರ್ಸೆಲ್ ತಲುಪಿತು. ತಲುಪಿದ್ದು ಸಂತೋಷ, ಒಳಗಿದ್ದದ್ದು ಮಾತ್ರ ಹಿಡಿಸಲಿಲ್ಲ. ಎಂಟು ವರ್ಷದಿಂದ ನಿನ್ನ ಆಸ್ಪತ್ರೆಯ ಔಷಧಿ ಕೌಂಟರಿನಿಂದ ನನಗೆ ಬರುತ್ತಿದ್ದುದು ಬಿಳಿ ಮಾತ್ರೆ, ನಡುವೆ ಒಂದು ಗೀರು, ತಿಂಗಳಿಗೊಂದು ಬಾಟಲಿ. ಈ ಸಲ ನೋಡಿದರೆ ಅರ್ಧ ಹಳದಿ, ಅರ್ಧ ಬಿಳಿಯ ಕ್ಯಾಪ್ಸೂಲು. ಅದೂ ಹದಿನೈದೇ ದಿನಕ್ಕೆ. ಚೀಟಿಯಲ್ಲಿ ನೀನು ಬರೆದಿರುವುದು "ಅದೇ ಔಷಧಿ, ರೂಪ ಬೇರೆ" ಎಂದಷ್ಟೇ. ಬಟ್ಟೆ ಅದೇ, ನೇಯ್ಗೆ ಮಾತ್ರ ಬೇರೆ ಎನ್ನುವ ವ್ಯಾಪಾರಿಯನ್ನು ನಾನು ಎಂದೂ ಒಳಗೆ ಬಿಟ್ಟವಳಲ್ಲ. ನೀನು ಒಡಹುಟ್ಟಿದವನು ಎಂದು ಸುಮ್ಮನಿದ್ದೇನೆ.

ಎಂಟು ವರ್ಷದ ಹಿಂದೆ ನಿನ್ನ ಭಾವ ತೀರಿಕೊಂಡಾಗ ಡಾಕ್ಟರು ಕೊಟ್ಟ ನಿದ್ದೆ ಮಾತ್ರೆ ಇದು. ಒಂದು ತಿಂಗಳಿಗೆಂದು ಕೊಟ್ಟದ್ದು. ಆ ತಿಂಗಳು ಇನ್ನೂ ಮುಗಿದಿಲ್ಲ ಎಂದು ನೀನು ಹಿಂದೊಮ್ಮೆ ಹಾಸ್ಯ ಮಾಡಿದ್ದೆ. ಬಿಡು ಎಂದೂ ಹೇಳಿದ್ದೆ. ಬಿಟ್ಟರೆ ಸತ್ತೇ ಹೋಗುತ್ತೇನೆ ಎಂದು ನಾನು ಹೇಳಿದ್ದೂ ನಿನಗೆ ನೆನಪಿರಬೇಕು.

ಇಲ್ಲಿ ಎಲ್ಲ ಆರಾಮ. ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರದ ರಾಶಿ ಬಿದ್ದಿದೆ. ಎರಡು ಮೆಷಿನ್, ಒಬ್ಬಳೇ ನಾನು. ಮಗನಿಗೆ ಲಿಫ್ಟ್ ರಿಪೇರಿ ಮುಗಿಯುವುದೇ ಇಲ್ಲ. ಹತ್ತು ಮಹಡಿ ಹತ್ತಿಳಿದು ಬಂದು ಮನೆಯ ಮೂರು ಮೆಟ್ಟಿಲಿಗೆ "ಉಸ್ಸಪ್ಪಾ" ಎನ್ನುತ್ತಾನೆ. ಸೊಸೆ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾಳೆ. ಮನೆಯ ಇಬ್ಬರು ಹೆಂಗಸರಿಗೂ ಸೂಜಿಯೇ ಅನ್ನ ಹಾಕುತ್ತಿದೆ. ಅವಳು ಮಾತು ಕಡಿಮೆ, ನೋಟ ಹೆಚ್ಚು. ಆ ನೋಟ ನನಗೆ ಆಗಿಬರುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಗುಟ್ಟು ಹೇಳಲು ನಾನು ಕೂಗಬೇಕು, ಕೂಗಿದರೆ ಬೀದಿಗೇ ಹೇಳಿದಂತೆ. ಹಾಗಾಗಿ ಕಾಗದವೇ ಗತಿ.

ನಿನ್ನ ಅಕ್ಕ

*

ಮಾರ್ಚ್ 27

ಪ್ರೀತಿಯ ಅಕ್ಕ,

ಎಷ್ಟು ಅನುಮಾನ ನಿನಗೆ! ಮಾತ್ರೆ ಸರಿಯಾಗಿ ಸಿಗುತ್ತಿಲ್ಲ, ಅದಕ್ಕೆ ಕ್ಯಾಪ್ಸೂಲು. ಇಲ್ಲಿ ಬೇರೆ ರೋಗಿಗಳಿಗೂ ನಾನೇ ಕೈಯಾರೆ ತುಂಬಿ ಕೊಡುತ್ತೇನೆ. ತೂಕ ಮಾಡಿ, ಪುಡಿ ಬೆರೆಸಿ, ಚಿಪ್ಪಿಗೆ ತುಂಬಿ ಮುಚ್ಚುವುದು. ಹೀಗೆ ತುಂಬಿದ್ದು ಬಹಳ ದಿನ ಇಡಬಾರದು, ಅದಕ್ಕೇ ಹದಿನೈದು ದಿನಕ್ಕೊಮ್ಮೆ ಕಳಿಸುತ್ತೇನೆ. ಬಾಟಲಿ ಮುಗಿದ ಮೇಲೇ ಮುಂದಿನದನ್ನು ತೆಗೆ. ಎರಡನ್ನೂ ಬೆರೆಸಬೇಡ, ಒಂದು ದಿನವೂ ತಪ್ಪಿಸಬೇಡ, ಹೆಚ್ಚೂ ತೆಗೆದುಕೊಳ್ಳಬೇಡ. ಇಷ್ಟು ಮಾತ್ರ ನಡೆಸಿಕೊಡು.

ಬೆಳಿಗ್ಗೆ ಎದ್ದಾಗ ತಲೆ ಭಾರ ಇದೆಯೇ? ನಡೆಯುವಾಗ ಓಲಾಡಿದಂತಾಗುತ್ತದೆಯೇ? ಮೆಷಿನ್ ಮುಂದೆ ತೂಕಡಿಕೆ ಬರುತ್ತದೆಯೇ? ಕೈ ಹೇಗಿದೆ?

ಇಲ್ಲಿ ಹೊಸ ಕಟ್ಟಡಕ್ಕೆ ಕೌಂಟರ್ ಸಾಗಿಸಿದ್ದಾರೆ. ಕಿಟಕಿ ಇಲ್ಲ. ಇಡೀ ದಿನ ಟ್ಯೂಬ್‌ಲೈಟ್ ಕೆಳಗೆ ಕೂತು ಹಗಲು ರಾತ್ರಿ ತಿಳಿಯದಂತಾಗಿದೆ.

ನಿನ್ನ ತಮ್ಮ

*

ಏಪ್ರಿಲ್ 9

ತಮ್ಮಾ,

ಕೈ ಹೇಗಿದೆ ಎಂದು ಕೇಳಿದ್ದೀಯ. ಯಾವ ಕೈ? ನನ್ನ ಕೈಗೆ ಏನೋ ಆಗಿದೆ ಎಂದು ನಿನಗೆ ಯಾರು ಹೇಳಿದರು? ನಾನಂತೂ ಬರೆದಿಲ್ಲ.

ಸರಿ, ಈಗ ಹೇಳುತ್ತೇನೆ. ಫೆಬ್ರವರಿಯಲ್ಲಿ ಮಟಮಟ ಮಧ್ಯಾಹ್ನ ಕಾಲರ್ ಹೊಲಿಯುತ್ತಿದ್ದಾಗ ಕಣ್ಣು ಹತ್ತಿತು. ಸೂಜಿ ತೋರುಬೆರಳಿನ ಉಗುರು ತೂತು ಮಾಡಿ ಆ ಕಡೆ ಬಂತು. ನಲವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಬಟ್ಟೆ ಸುತ್ತಿಕೊಂಡಿದ್ದೆ, ಸೊಸೆ ಬಂದು ಮಾತಿಲ್ಲದೆ ಬಿಚ್ಚಿ ತೊಳೆದು ಪಟ್ಟಿ ಕಟ್ಟಿದಳು. ಮನೆಯಲ್ಲಿ ಗೊತ್ತಿದ್ದದ್ದು ಅವಳಿಗೆ ಮತ್ತು ಮಗನಿಗೆ. ಇಬ್ಬರಲ್ಲಿ ನಿನಗೆ ಸುದ್ದಿ ಮುಟ್ಟಿಸಿದವರು ಯಾರು?

ಇನ್ನೊಂದು ವಿಷಯ. ಈ ಕ್ಯಾಪ್ಸೂಲು ಸಪ್ಪೆ ಹೊಡೆಯುತ್ತಿದೆ. ಮೊದಲು ನುಂಗಿ ಇಪ್ಪತ್ತು ನಿಮಿಷಕ್ಕೆ ದೀಪ ಆರಿದಂತೆ ನಿದ್ದೆ ಬರುತ್ತಿತ್ತು. ಈಗ ಒಂದು ಗಂಟೆ ಹೊರಳಾಡಬೇಕು. ಸಣ್ಣ ಸದ್ದಿಗೂ ಎದೆ ಧಸಕ್ಕೆನ್ನುತ್ತದೆ. ಇದು ನಿನ್ನಿಂದ ಆದ ಮೋಸವಲ್ಲ ಎಂದು ನನಗೆ ಗೊತ್ತು. ಚಿಕ್ಕಂದಿನಲ್ಲಿ ಬಿಸ್ಕತ್ತನ್ನೂ ತೂಗಿ ಎರಡು ಪಾಲು ಮಾಡುತ್ತಿದ್ದವನು ನೀನು. ಅದಕ್ಕೇ ಅಲ್ಲವೇ ನಿನಗೆ ತಕ್ಕಡಿ ಎಂದು ಹೆಸರಿಟ್ಟದ್ದು. ಬಾಟಲಿ ನಿನ್ನ ಕೈಯಿಂದ ಸರಿಯಾಗಿಯೇ ಹೊರಡುತ್ತದೆ. ನನ್ನ ಮನೆಗೆ ಬಂದ ಮೇಲೆ ಅದಕ್ಕೆ ಏನೋ ಆಗುತ್ತಿದೆ.

ಅಕ್ಕ

*

ಏಪ್ರಿಲ್ 30

ಪ್ರೀತಿಯ ಅಕ್ಕ,

ಕೈ ವಿಷಯ ನಿನ್ನ ಮಗ ಫೋನು ಮಾಡಿದಾಗ ಹೇಳಿದ. ಅದಕ್ಕೇಕೆ ಇಷ್ಟು ರಾದ್ಧಾಂತ?

ಬಾಟಲಿಗೆ ಏನೂ ಆಗುತ್ತಿಲ್ಲ. ನಿನ್ನ ನರಗಳು ಸೂಕ್ಷ್ಮ, ಮೊದಲಿನಿಂದಲೂ ಹಾಗೆ. ಸಂಜೆ ಟೀ ಬಿಡು. ಮಧ್ಯಾಹ್ನ ಮಲಗಬೇಡ. ದಿನಾ ಅರ್ಧ ಗಂಟೆ ನಡೆ. ಎದೆ ಧಸಕ್ಕೆಂದಾಗ ನೀರು ಕುಡಿದು ಕಿಟಕಿ ತೆಗೆ. ತುಂಬಾ ಹೆಚ್ಚಾದರೆ, ಕೈ ನಡುಗಿದರೆ, ಬೆವರು ಕಿತ್ತುಕೊಂಡು ಬಂದರೆ ತಕ್ಷಣ ಬರೆ. ಬರೆಯುವುದೂ ಬೇಡ, ಅಲ್ಲಿಯ ಡಾಕ್ಟರ ಹತ್ತಿರ ಹೋಗು. ಸೊಸೆಯನ್ನು ಕರೆದುಕೊಂಡು ಹೋಗು, ಅವಳು ತಿಳಿದವಳು.

ತಮ್ಮ

*

ಮೇ 12

ತಮ್ಮಾ,

ಕಿವಿ ಕೇಳಿಸದವನಿಗೆ ನನ್ನ ಮಗ ಫೋನು ಮಾಡಿದನೇ? ಕೇಳಿಯೇ ಬಿಟ್ಟೆ. "ಮಾವಂಗೆ ಫೋನ್ ಮಾಡಿ ಒಂದು ವರ್ಷ ಆಯ್ತಮ್ಮಾ. ಏನ್ ಹೇಳಿದ್ರೂ ಹೂಂ ಅಂತಾರೆ. ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ ಸಂತೋಷ ಅಂತಾರೆ" ಎಂದ. ಪಕ್ಕದಲ್ಲಿದ್ದ ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಂದರೆ ಬರೆದವಳು ಅವಳು. ನನ್ನ ಬೆನ್ನ ಹಿಂದೆ, ನನ್ನ ಒಡಹುಟ್ಟಿದವನಿಗೆ. ಇನ್ನೂ ಏನೇನು ಬರೆದಿದ್ದಾಳೆ? ಅತ್ತೆಗೆ ತಲೆ ಕೆಟ್ಟಿದೆ ಎಂದೇ? ಹಾಗೇ ಇದ್ದರೆ ಆ ಕಾಗದವನ್ನು ನನಗೆ ಕಳಿಸು, ಕಣ್ಣಾರೆ ಓದುತ್ತೇನೆ.

ನೀನೂ ಅವಳಿಗಾಗಿ ಒಂದು ಸುಳ್ಳು ಹೇಳಿಬಿಟ್ಟೆಯಲ್ಲ.

ಅಕ್ಕ

*

ಮೇ 25

ಅಕ್ಕ,

ತಪ್ಪಾಯಿತು. ಸೊಸೆಯೇ ಬರೆದದ್ದು, ಎರಡು ಸಾಲು. ನಿನ್ನ ಕೈ ನೋಡಿ ಹೆದರಿ ಬರೆದಿದ್ದಳು. ನೀನು ಬೈಯುತ್ತೀಯ ಎಂದು ಅವಳ ಹೆಸರು ಎತ್ತಲಿಲ್ಲ. ಅದರಲ್ಲಿ ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲ. ಕಾಗದ ನಾನು ಇಟ್ಟುಕೊಳ್ಳಲಿಲ್ಲ.

ಈ ವಿಷಯ ಇಲ್ಲಿಗೆ ಹೊಟ್ಟೆಗೆ ಹಾಕಿಕೊ. ಹೊಸ ಬಾಟಲಿ ಜೊತೆಗಿದೆ.

ತಮ್ಮ

*

ಜೂನ್ 18

ತಮ್ಮಾ,

ಹೊಟ್ಟೆಗೆ ಹಾಕಿಕೊಳ್ಳಲು ಇನ್ನು ಜಾಗವಿಲ್ಲ. ನಾನು ಕಂಡದ್ದನ್ನು ಬರೆಯುತ್ತೇನೆ, ನರ ಸೂಕ್ಷ್ಮ ಎನ್ನುವ ಮೊದಲು ಪೂರ್ತಿ ಓದು.

ಸೋಮವಾರ ಅಡುಗೆಮನೆಯ ಬಾಗಿಲಿಂದ ನೋಡಿದೆ. ಸೊಸೆ ನನ್ನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ನಾನು ಕೆಮ್ಮಿದೊಡನೆ ಅದನ್ನು ಇಟ್ಟು ಲೋಟ ತೊಳೆಯತೊಡಗಿದಳು. ಆ ಲೋಟ ಆಗಲೇ ತೊಳೆದದ್ದು.

ಅಂದಿನಿಂದ ಬಾಟಲಿಯ ಕುತ್ತಿಗೆಗೆ, ಮುಚ್ಚಳಕ್ಕೆ ಸೇರಿದಂತೆ, ಬಿಳಿ ದಾರ ಸುತ್ತಿ ನನ್ನದೇ ಒಂದು ಗಂಟು ಹಾಕುತ್ತಿದ್ದೇನೆ. ದಾರ ಎಷ್ಟು ತೆಳು ಎಂದರೆ ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ಬಿಚ್ಚದೆ ಮುಚ್ಚಳ ತಿರುಗದು. ಬಿಚ್ಚಿದವರು ಆ ಗಂಟನ್ನು ಮತ್ತೆ ಹಾಕಲಾರರು.

ಗುರುವಾರ ಸಂಜೆ ದಾರ ತುಂಡಾಗಿತ್ತು.

ಕ್ಯಾಪ್ಸೂಲು ಎಣಿಸಿದೆ. ಲೆಕ್ಕ ಸರಿಯಾಗಿದೆ, ಒಂದೂ ಕಡಿಮೆ ಇಲ್ಲ. ಅದೇ ನನಗೆ ಹೆಚ್ಚು ಭಯ ತಂದದ್ದು. ಕದ್ದರೆ ಕಡಿಮೆಯಾಗಬೇಕು. ಕಡಿಮೆಯಾಗಿಲ್ಲ, ಶಕ್ತಿ ಮಾತ್ರ ಕಡಿಮೆಯಾಗಿದೆ. ಹಾಗಾದರೆ ಇವಳು ಬಿಚ್ಚಿ, ಒಳಗಿನದನ್ನು ತೆಗೆದು, ಬೇರೇನೋ ತುಂಬುತ್ತಿದ್ದಾಳೆ. ಮೂರು ಪಾಳಿ ದುಡಿಯುವವಳು, ಅವಳಿಗೂ ನಿದ್ದೆ ಇಲ್ಲ. ಲ್ಯಾಬಿನಲ್ಲಿ ಅಂಥ ಮಾತ್ರೆಗೆ ಗಿರಾಕಿಗಳೂ ಇರಬಹುದು. ಯಾರಿಗೆ ಗೊತ್ತು?

ಮಗನಿಗೆ ಹೇಳಿದೆ. "ಅಮ್ಮಾ, ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದ. ಎದುರಿಗೆ ನೂರಾ ಎಂಬತ್ತು ಶರ್ಟು ಕಾಜಾ ಇಲ್ಲದೆ ಬಿದ್ದಿದ್ದವು.

ಅಕ್ಕ

*

ಜುಲೈ 5

ಅಕ್ಕ,

ದಾರದ ಕೆಲಸ ಬಿಟ್ಟುಬಿಡು. ನಿನ್ನ ಸೊಸೆ ಕಳ್ಳಿಯಲ್ಲ, ಇದನ್ನು ನಾನು ಬರೆದು ಕೊಡುತ್ತೇನೆ. ಹೇಗೆ ಗೊತ್ತು ಎಂದು ಕೇಳಬೇಡ.

ಎಷ್ಟು ಗಂಟೆ ನಿದ್ದೆ ಬರುತ್ತಿದೆ? ಹಗಲು ತೂಕಡಿಕೆ ನಿಂತಿದೆಯೇ? ಅದನ್ನು ಬರೆಯುವುದಿಲ್ಲ ನೀನು, ದಾರ, ಗಂಟು, ಲೋಟ ಎಂದೇ ಬರೆಯುತ್ತೀಯ.

ತಮ್ಮ

*

ಜುಲೈ 29

ತಮ್ಮಾ,

ನಿದ್ದೆಯ ವಿಷಯ ತಾನೇ? ಐದು ಗಂಟೆ ಬರುತ್ತಿದೆ, ಒಮ್ಮೊಮ್ಮೆ ಆರು. ಹಗಲು ತೂಕಡಿಕೆ ಇಲ್ಲ. ಹೇಗೆ ಬಂದೀತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನಲ್ಲ.

ನಿನ್ನೆ ಅವಳು ಸಿಕ್ಕಿಬಿದ್ದಳು. ಗುಂಡಿ ತರುತ್ತೇನೆಂದು ಹೊರಟು ಅರ್ಧ ಬೀದಿಯಿಂದ ಹಿಂತಿರುಗಿ ಬಂದೆ. ಕತ್ತರಿ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ನನ್ನ ಕ್ಯಾಪ್ಸೂಲುಗಳನ್ನೆಲ್ಲ ಅದರ ಮೇಲೆ ಸುರಿದು ಕೂತಿದ್ದಾಳೆ. ನನ್ನ ಮೈ ಉರಿದುಹೋಯಿತು.

"ಎಷ್ಟು ಕದ್ದೆ?" ಎಂದೆ.

"ಎಣಿಸ್ತಾ ಇದ್ದೆ ಅತ್ತೆ."

"ಎಷ್ಟು ಕದ್ದೆ ಅಂತ ಕೇಳ್ದೆ."

ಅವಳ ಮುಖ ಸುಣ್ಣದಂತಾಯಿತು. ಒಂದೊಂದಾಗಿ ಎಲ್ಲವನ್ನೂ ಬಾಟಲಿಗೆ ತುಂಬಿ, ಮುಚ್ಚಳ ಹಾಕಿ, ನನ್ನ ಮುಂದೆ ಇಟ್ಟಳು. ತಪ್ಪಿಲ್ಲದವಳು ಬಾಯಿ ಬಿಡುತ್ತಿರಲಿಲ್ಲವೇ? ಮಗ ಬಂದ ಮೇಲೆ ಇಬ್ಬರೂ ಒಳಗೆ ಗುಸುಗುಸು ಮಾತಾಡಿದರು. ಬೆಳಿಗ್ಗೆ ಎರಡು ಪೆಟ್ಟಿಗೆ ಹಿಡಿದು ಹೊರಟರು, ಲ್ಯಾಬಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದಾರಂತೆ. "ಸ್ವಲ್ಪ ದಿನ ಅಮ್ಮಾ" ಎಂದ ಮಗ. ನನ್ನ ಮುಖ ನೋಡಲಿಲ್ಲ.

ನಾನು ಅವಳ ಲ್ಯಾಬಿನ ಮುಖ್ಯಸ್ಥರಿಗೆ ಒಂದು ಕಾಗದ ಬರೆದಿಟ್ಟಿದ್ದೇನೆ. ಔಷಧಿ ಕದ್ದು ಬದಲಿಸುವ ಕೈಗೆ ರೋಗಿಗಳ ರಕ್ತ ಮುಟ್ಟಲು ಕೊಡಬೇಡಿ ಎಂದು. ಇನ್ನೂ ಅಂಚೆಗೆ ಹಾಕಿಲ್ಲ. ಒಬ್ಬಳ ಅನ್ನದ ಮಾತು, ಸುಮ್ಮನೆ ಹಾಕುವವಳಲ್ಲ ನಾನು. ನೀನು ಔಷಧಿ ಬಲ್ಲವನು. ಒಂದೇ ಪ್ರಶ್ನೆ ಕೇಳುತ್ತೇನೆ: ಕ್ಯಾಪ್ಸೂಲನ್ನು ಬಿಚ್ಚಿ, ಒಳಗಿನದನ್ನು ಬದಲಿಸಿ, ಗುರುತೇ ಸಿಗದಂತೆ ಮತ್ತೆ ಮುಚ್ಚಲು ಆಗುತ್ತದೆಯೇ? ಆಗುವುದಿಲ್ಲ ಎಂದು ಬರೆದರೆ ಹರಿದು ಹಾಕುತ್ತೇನೆ.

ಅಕ್ಕ

*

ಆಗಸ್ಟ್ 11

ಪ್ರೀತಿಯ ಅಕ್ಕ,

ನಿನ್ನ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದೆ.

ಆಗುವುದಿಲ್ಲ ಎಂದು ಬರೆದರೆ ಅದು ಸುಳ್ಳು, ಕಸುಬಿನ ವಿಷಯದಲ್ಲಿ ನಾನು ಸುಳ್ಳು ಬರೆಯಲಾರೆ. ಆಗುತ್ತದೆ. ಎರಡು ಚಿಪ್ಪು ಒಂದರೊಳಗೊಂದು ಕೂರುತ್ತವೆ, ಅಷ್ಟೇ. ತೂಕ ಸರಿತೂಗಿಸಿದರೆ ನೋಡಿದವರಿಗೆ ಗೊತ್ತಾಗದು. ಆದರೆ ಆಗುತ್ತದೆ ಎಂದ ಮಾತ್ರಕ್ಕೆ ಅವಳು ಮಾಡಿದಳು ಎಂದಲ್ಲ. ದಯವಿಟ್ಟು ಆ ಕಾಗದ ಹಾಕಬೇಡ. ನಾನು ಮುಂದಿನ ತಿಂಗಳು ರಜೆ ಹಾಕಿ ಬರುತ್ತೇನೆ, ಎದುರು ಕೂತು ಮಾತಾಡೋಣ. ಕೆಲವು ವಿಷಯ ಕಾಗದದಲ್ಲಿ ಹಿಡಿಸುವುದಿಲ್ಲ.

ಐದಾರು ಗಂಟೆ ನಿದ್ದೆ ಬರುತ್ತಿದೆ ಎಂದು ಓದಿ ನನಗೆಷ್ಟು ಸಂತೋಷವಾಯಿತೆಂದು ನಿನಗೆ ಗೊತ್ತಿಲ್ಲ.

ತಮ್ಮ

*

ಆಗಸ್ಟ್ 20

ತಮ್ಮಾ,

ಆಗುತ್ತದೆ ಎಂದು ನೀನು ಬರೆದೆ. ಅಷ್ಟು ಸಾಕಾಯಿತು. ನಿನ್ನ ಕಾಗದ ಬಂದ ದಿನವೇ ನನ್ನದನ್ನು ಅಂಚೆಗೆ ಹಾಕಿದೆ.

ಮೊನ್ನೆ ಮಗ ಬಾಗಿಲಲ್ಲೇ ನಿಂತು ಹೇಳಿಹೋದ. ವಿಚಾರಣೆ ಮುಗಿಯುವವರೆಗೆ ಅವಳನ್ನು ಕೆಲಸದಿಂದ ಹೊರಗಿಟ್ಟಿದ್ದಾರಂತೆ. ಅಲ್ಲೂ ಬಾಯಿ ಬಿಡುತ್ತಿಲ್ಲವಂತೆ. "ಈಗ ಸಮಾಧಾನ ಆಯ್ತಾ?" ಎಂದು ಕೇಳಿದ. ನಾನು ಆಯ್ತು ಎಂದೆ.

ಆಗಿಲ್ಲ. ಮನೆ ಬಿಕೋ ಎನ್ನುತ್ತಿದೆ.

ಅಕ್ಕ

*

ಆಗಸ್ಟ್ 27

ಅಕ್ಕ,

ಕೂತು ಓದು.

ಮಾರ್ಚಿನಿಂದ ಆ ಕ್ಯಾಪ್ಸೂಲುಗಳನ್ನು ಬದಲಿಸುತ್ತಿದ್ದವನು ನಾನು. ನಿನ್ನ ಮನೆಯಲ್ಲಿ ಬಾಟಲಿಗೆ ಏನೂ ಆಗಲಿಲ್ಲ, ಆದದ್ದೆಲ್ಲ ಇಲ್ಲಿ, ನನ್ನ ಮೇಜಿನ ಮೇಲೆ. ಹದಿನೈದು ದಿನಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ಔಷಧಿ ಕಡಿಮೆ ಮಾಡಿ, ಆ ಜಾಗಕ್ಕೆ ಹಾಲಿನ ಸಕ್ಕರೆ ಪುಡಿ ತುಂಬುತ್ತಾ ಬಂದೆ. ಅದಕ್ಕೇ ಹದಿನೈದು ದಿನದ ಬಾಟಲಿ. ಜುಲೈ ಕೊನೆಯಿಂದ ನೀನು ನುಂಗುತ್ತಿರುವುದರಲ್ಲಿ ಔಷಧಿಯೇ ಇಲ್ಲ.

ನಿನ್ನ ಬೆರಳಿಗೆ ಸೂಜಿ ಹೊಕ್ಕ ದಿನ ಸೊಸೆ ನನಗೆ ಬರೆದಳು: "ಮಾವ, ಅತ್ತೆ ಹಗಲು ಹೊತ್ತಲ್ಲೂ ನಿದ್ದೆಗಣ್ಣಲ್ಲೇ ಇರುತ್ತಾರೆ, ಮೆಟ್ಟಿಲಲ್ಲಿ ಎರಡು ಸಲ ಮುಗ್ಗರಿಸಿದರು, ಇನ್ನೊಮ್ಮೆ ಬೆರಳಲ್ಲೇ ನಿಲ್ಲುವುದಿಲ್ಲ." ಅದನ್ನು ನಮ್ಮ ಡಾಕ್ಟರಿಗೆ ತೋರಿಸಿದೆ. "ಒಮ್ಮೆಲೇ ನಿಲ್ಲಿಸಿದರೆ ಅಪಾಯ, ನಿಧಾನವಾಗಿ ಇಳಿಸಿ, ಆದರೆ ಅವರಿಗೆ ಹೇಳಿಯೇ ಇಳಿಸಿ" ಎಂದು ಹೇಳಿ ಲೆಕ್ಕ ಬರೆದುಕೊಟ್ಟರು. ಅರ್ಧ ಮಾತ್ರ ಕೇಳಿದೆ. ಹೇಳಿದರೆ ನೀನು ಒಪ್ಪುವುದಿಲ್ಲ, ಬೇರೆ ಅಂಗಡಿ ಹುಡುಕುತ್ತೀಯ ಎಂದು ಹೆದರಿದೆ.

ಸೊಸೆಗೆ ಎಲ್ಲ ಗೊತ್ತಿತ್ತು. ದಿನಕ್ಕೆ ಒಂದೇ ತೆಗೆದುಕೊಳ್ಳುತ್ತೀಯೋ, ನಿದ್ದೆ ಬರಲಿಲ್ಲವೆಂದು ಎರಡು ನುಂಗುತ್ತೀಯೋ ಎಂದು ಎಣಿಸಿ ವಾರಕ್ಕೊಮ್ಮೆ ಬರೆಯಲು ಹೇಳಿದ್ದು ನಾನು. ಅವಳು ಮೊದಲೇ ಬೇಡ ಅಂದಿದ್ದಳು, "ಅತ್ತೆಗೆ ಹೇಳೋಣ ಮಾವ" ಎಂದು ಬರೆದಿದ್ದಳು. ಮುಗಿಯುವವರೆಗೆ ತುಟಿ ಬಿಚ್ಚಬೇಡ ಎಂದು ಮಾತು ತೆಗೆದುಕೊಂಡೆ. ಮನೆ ಬಿಟ್ಟರೂ, ಕೆಲಸದಿಂದ ನಿಲ್ಲಿಸಿದರೂ ಆ ಹುಡುಗಿ ಮಾತು ತಪ್ಪಲಿಲ್ಲ. ನಾನು ಆಗಸ್ಟ್ 11ರಂದೇ ಹೇಳಬಹುದಿತ್ತು. ಹೇಳಿದರೆ ನನ್ನ ಲೈಸೆನ್ಸ್ ಹೋಗುತ್ತದೆ, ಚೀಟಿಯ ಮೇಲೆ ಒಂದು ಬರೆದು ಒಳಗೆ ಇನ್ನೊಂದು ತುಂಬುವವನಿಗೆ ಈ ಕಸುಬಿನಲ್ಲಿ ಜಾಗವಿಲ್ಲ. ಅದಕ್ಕೇ "ಆಗುತ್ತದೆ" ಎಂದಷ್ಟೇ ಬರೆದು ಕೂತೆ.

ಇನ್ನೊಂದು ಮಾತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಈ ಔಷಧಿ ಇಳಿಸುವಾಗ ಕೆಲವರಿಗೆ ಕಸಿವಿಸಿ, ಸಿಟ್ಟು, ಎಲ್ಲರ ಮೇಲೂ ಗುಮಾನಿ ಬರುತ್ತದೆ ಎಂದು ನಾನು ಓದಿದವನೇ. ನಿನ್ನ ಒಂದೊಂದು ಕಾಗದ ಬಂದಾಗಲೂ ಅದನ್ನು ಲಕ್ಷಣ ಎಂದು ಓದಿದೆ, ದೂರು ಎಂದು ಓದಲಿಲ್ಲ.

ಜೊತೆಗೆ ಲ್ಯಾಬಿನ ಮುಖ್ಯಸ್ಥರಿಗೆ ಇದನ್ನೆಲ್ಲ ಸಹಿ ಹಾಕಿ ಬರೆದ ಕಾಗದವಿದೆ. ನೀನೇ ಕೊಂಡೊಯ್ದು ಕೊಡು.

ತಮ್ಮ

*

ಸೆಪ್ಟೆಂಬರ್ 16

ತಮ್ಮಾ,

ನಿನ್ನ ಕಾಗದ ಓದಿ ಮೊದಲು ಮಾಡಿದ್ದು ಇಷ್ಟು: ಒಂದು ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ನಾಲಿಗೆಗೆ ಹಚ್ಚಿದೆ. ಸಿಹಿ. ತಿಂಗಳುಗಟ್ಟಲೆ ದಾರ ಸುತ್ತಿದೆ, ಕದ್ದು ನೋಡಿದೆ, ಅರ್ಧ ಬೀದಿಯಿಂದ ಹಿಂತಿರುಗಿ ಬಂದೆ. ಒಂದನ್ನಾದರೂ ಒಡೆದು ರುಚಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಸಕ್ಕರೆ ನುಂಗಿ ಮಲಗಿ ಎದ್ದಿದ್ದೇನೆ, ಅದೇ ಸಕ್ಕರೆಗಾಗಿ ಮನೆಯ ಹುಡುಗಿಯನ್ನು ಹೊರಗೆ ಹಾಕಿದ್ದೇನೆ.

ನನ್ನ ಕಣ್ಣು ತಪ್ಪಿರಲಿಲ್ಲ ತಮ್ಮಾ. ಯಾರೋ ಬದಲಿಸುತ್ತಿದ್ದಾರೆ ಎಂದೆ, ಬದಲಿಸುತ್ತಿದ್ದರು. ಸಪ್ಪೆಯಾಗಿದೆ ಎಂದೆ, ಸಪ್ಪೆಯಾಗಿತ್ತು. ನೀನು ನರ ಸೂಕ್ಷ್ಮ ಎಂದು ಬರೆದಾಗಲೆಲ್ಲ ನನಗೆ ನಿಜಕ್ಕೂ ತಲೆ ಕೆಡುತ್ತಿದೆಯೇ ಎಂದು ಒಬ್ಬಳೇ ಕೂತು ಅತ್ತದ್ದೂ ಉಂಟು. ನೀನು ನನ್ನ ಒಳ್ಳೆಯದಕ್ಕೇ ಮಾಡಿದೆ, ನನಗೆ ಗೊತ್ತು. ಹಗಲೆಲ್ಲ ಎಚ್ಚರವಾಗಿದ್ದೇನೆ, ಮೆಟ್ಟಿಲಲ್ಲಿ ಕಾಲು ನಿಲ್ಲುತ್ತದೆ. ಅದಕ್ಕೆ ನಿನಗೆ ಋಣಿ. ಆದರೂ ಈ ಸಿಟ್ಟು ಇಳಿಯಲು ನೀನು ಔಷಧಿ ಇಳಿಸಿದ ಹತ್ತು ಬಾಟಲಿಗಿಂತ ಹೆಚ್ಚು ದಿನ ಬೇಕು.

ನಿನ್ನ ಕಾಗದ ಹಿಡಿದು ಲ್ಯಾಬಿಗೆ ಹೋದೆ. ಕೊಟ್ಟು ಬರಬಹುದಿತ್ತು. ಮುಖ್ಯಸ್ಥರ ಮುಂದೆ ನಿಂತು ನಾನೇ ಗಟ್ಟಿಯಾಗಿ ಓದಿದೆ, ಆಮೇಲೆ ನಾನು ಬರೆದ ಕಾಗದ ವಾಪಸು ಕೇಳಿದೆ. ಕಡತಕ್ಕೆ ಸೇರಿದ್ದು ವಾಪಸು ಬರುವುದಿಲ್ಲವಂತೆ. ಅವಳನ್ನು ಸೋಮವಾರದಿಂದ ಕೆಲಸಕ್ಕೆ ತೆಗೆದುಕೊಂಡರು. ನಿನ್ನ ಕಾಗದದ ಪ್ರತಿ ನಿಮ್ಮ ಆಸ್ಪತ್ರೆಗೆ ಕಳಿಸುತ್ತಾರಂತೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಲ್ಲಿಂದ ಅವರ ಕೋಣೆಗೆ ಹೋದೆ. ಒಂದು ಮಂಚ, ಒಂದು ಸ್ಟೌ, ಕಿಟಕಿಯಲ್ಲಿ ಮಗನ ಕೆಲಸದ ಅಂಗಿ ಒಣಗುತ್ತಿತ್ತು. ಸೊಸೆ ನನಗೆ ಕುರ್ಚಿ ಕೊಟ್ಟು ತಾನು ಮಂಚದ ತುದಿಯಲ್ಲಿ ಕೂತಳು. "ತಪ್ಪಾಯ್ತು ಕಣೇ, ಮನೆಗೆ ಬಾ" ಎಂದೆ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ.

"ಅತ್ತೆ, ಅವತ್ತು ನೀವು ಎಷ್ಟು ಕದ್ದೆ ಅಂತ ಕೇಳಿದ್ರಿ. ಯಾಕೆ ಎಣಿಸ್ತಾ ಇದೀಯಾ ಅಂತ ಒಂದು ಸಲ ಕೇಳಿದ್ರೆ ಹೇಳಿಬಿಡ್ತಿದ್ದೆ. ಮಾವಂಗೆ ಕೊಟ್ಟ ಮಾತು ಮುರಿದೇ ಹೇಳ್ತಿದ್ದೆ. ನೀವು ಕೇಳ್ಲೇ ಇಲ್ಲ."

ಮಗ ಟೀ ಮಾಡಿ ಕೊಟ್ಟ. ಈಗಲೇ ಬರುವುದಿಲ್ಲ ಎಂದಳು. ಭಾನುವಾರ ನೀವು ಬನ್ನಿ ಎಂದಳು, ಬಾಗಿಲವರೆಗೆ ಬಂದು ಕೈ ಹಿಡಿದು ಮೆಟ್ಟಿಲು ಇಳಿಸಿದಳು.

ಬಾಟಲಿಗಳನ್ನೆಲ್ಲ ಎಸೆದಿದ್ದೇನೆ. ಅಂದಿನಿಂದ ಐದು ರಾತ್ರಿ ನನಗೆ ನಿದ್ದೆಯಿಲ್ಲ. ಔಷಧಿ ಬಿಟ್ಟದ್ದಕ್ಕಲ್ಲ, ಅದು ಬಿಟ್ಟು ಬಹಳ ದಿನವಾಯಿತಲ್ಲ. ಕಣ್ಣು ಮುಚ್ಚಿದರೆ "ನೀವು ಕೇಳ್ಲೇ ಇಲ್ಲ" ಎನ್ನುವುದು ಕೇಳಿಸುತ್ತದೆ. ಈ ಸಲ ಕಾರಣ ನನಗೆ ಗೊತ್ತಿದೆ, ಹಾಗಾಗಿ ಇದಕ್ಕೆ ಏನನ್ನೂ ಕಳಿಸಬೇಡ.

ಅಕ್ಕ